ಬೆರಿಲ್ ತನ್ನ ಕಣ್ಣಿಗೆ ಡಾಕ್ಟರನ್ನು ಆರಿಸಿದ್ದು

ಆ ಚಳಿಗಾಲದಲ್ಲಿ ಬೆರಿಲ್ ಗಾರ್‌ಸೈಡ್ ಹನ್ನೊಂದು ಥಾನು ಬಟ್ಟೆಯನ್ನು ಮಗ್ಗದ ಮನೆಗೆ ವಾಪಸ್ ಕಳಿಸಿದಳು. ಹನ್ನೊಂದಕ್ಕೂ ಒಂದೇ ದೂರು: ಚೌಕಳಿಯ ಗೆರೆ ಸೊಟ್ಟ.

ಯಾರ್ಕ್‌ಶೈರಿನ ನಮ್ಮ ಕಣಿವೆಯಲ್ಲಿ ಉಣ್ಣೆ ಗಿರಣಿ ಅಂತ ಉಳಿದಿರುವುದು ಒಂದೇ. ಕೆಳಗಿನ ಮಗ್ಗಗಳಿಂದ ಇಳಿದ ಬಟ್ಟೆ ಮೂರನೇ ಮಹಡಿಗೆ ಹೋಗುತ್ತದೆ. ಅಲ್ಲಿ ಉತ್ತರದ ಕಿಟಕಿಗಳ ಉದ್ದಕ್ಕೂ ಇಳಿಜಾರು ಮೇಜುಗಳು, ಒಂದೊಂದು ಮೇಜಿಗೆ ಒಬ್ಬೊಬ್ಬ ರಫೂಗಾರ್ತಿ. ಬಟ್ಟೆಯನ್ನು ಮೇಜಿನ ಮೇಲೆ ಇಂಚಿಂಚೇ ಎಳೆದುಕೊಳ್ಳುತ್ತ, ಗಂಟನ್ನು ಬೆರಳ ತುದಿಯಿಂದ ಹುಡುಕಿ ಚಿಮುಟದಿಂದ ಎತ್ತಬೇಕು. ತಪ್ಪಿಹೋದ ಎಳೆಯನ್ನು ಸೂಜಿಯಿಂದ ಮತ್ತೆ ನೇಯಬೇಕು. ಆ ಬಟ್ಟೆಯ ಸೂಟು ತೊಟ್ಟು ಮೆರೆಯುವ ಲಂಡನ್ನಿನ ದೊಡ್ಡ ಮನುಷ್ಯನಿಗೆ ತನ್ನ ಎದೆಯ ಮೇಲೆ ಯಾವಳೋ ಒಬ್ಬಳ ಅರ್ಧ ದಿನ ಕೂತಿದೆ ಎಂದು ಗೊತ್ತೇ ಆಗಬಾರದು. ಅದೇ ಈ ಕಸುಬಿನ ಮರ್ಯಾದೆ. ಬೆರಿಲ್ ಹದಿನಾರನೇ ವಯಸ್ಸಿಗೆ ಆ ಮೇಜಿಗೆ ಬಂದವಳು, ಈಗ ಅರವತ್ತಮೂರು.

ಹನ್ನೆರಡನೆಯ ಥಾನು ವಾಪಸ್ ಹೋಗುವ ಮೊದಲೇ ನೇಕಾರ ಕ್ಲೈವ್ ಹಿಂಚ್‌ಲಿಫ್ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಉಕ್ಕಿನ ಅಳತೆಪಟ್ಟಿ.

"ಏನೇ ತಾಯಿ, ನಾನು ಕುಡಿದು ಮಗ್ಗ ನಡೆಸ್ತೀನಿ ಅಂತ ಊರಿಗೆಲ್ಲ ಸಾರ್ತಿದೀಯಂತೆ?"

"ಕುಡಿದಿದ್ರೆ ಗೆರೆ ನೆಟ್ಟಗಾದ್ರೂ ಬರ್ತಿತ್ತೇನೋ. ನಿನ್ನ ಮದುವೆ ದಿನ ಕುಡಿದೇ ಅಲ್ವಾ ನೆಟ್ಟಗೆ ನಡೆದದ್ದು?"

ಮೇಜುಗಳ ಸಾಲಿನ ತುಂಬ ನಗು. ಕ್ಲೈವ್ ನಗಲಿಲ್ಲ. ಬಟ್ಟೆಯ ನೀಲಿ ಗೆರೆಯ ಪಕ್ಕಕ್ಕೆ ಪಟ್ಟಿ ಇಟ್ಟ. "ಈಗ ಹೇಳು. ಎಲ್ಲಿ ಸೊಟ್ಟ?"

ಬೆರಿಲ್ ತನ್ನ ರೂಢಿಯಂತೆ ಎಡಗಣ್ಣು ಮುಚ್ಚಿ ಬಾಗಿದಳು. ಎಳೆ ಹಿಡಿಯುವಾಗ ಬಲಗಣ್ಣೊಂದನ್ನೇ ಬಿಟ್ಟು ನೋಡುವುದು ನಲವತ್ತೇಳು ವರ್ಷದ ಅಭ್ಯಾಸ. ನೋಡುತ್ತಾಳೆ, ಗೆರೆ ಸೊಟ್ಟಗಿದೆ. ಪಟ್ಟಿಯೂ ಸೊಟ್ಟಗಿದೆ. ಯಾರೋ ಮೊಣಕಾಲಿಗೆ ಒತ್ತಿ ಬಗ್ಗಿಸಿದಂತೆ ಉಕ್ಕು ನಡುವಲ್ಲಿ ಕುಸಿದಿದೆ. ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಳು. ಪಟ್ಟಿ ನೆಟ್ಟಗಾಯಿತು. ಗೆರೆಯೂ ನೆಟ್ಟಗಾಯಿತು.

ರಫೂಗಾರ್ತಿಯರ ತಪ್ಪೇ ಇದು. ಬಟ್ಟೆಯಲ್ಲಿ ದೋಷ ಹುಡುಕುವುದೇ ಹೊಟ್ಟೆಪಾಡಾದವರಿಗೆ ದೋಷವೆಲ್ಲ ಬಟ್ಟೆಯಲ್ಲೇ ಕಾಣುತ್ತದೆ. ಬೆರಳು ಬೇರೆ ಮೋಸ ಮಾಡುತ್ತದೆ, ಕಣ್ಣು ಬಿಟ್ಟದ್ದನ್ನೆಲ್ಲ ತಾನೇ ಹಿಡಿದು ಮುಚ್ಚಿಹಾಕುತ್ತದೆ. ಬೆರಳಿಗೆ ಸಿಗದಿರುವುದು ಬಣ್ಣ ಒಂದೇ. ಆ ಚಳಿಗಾಲ ಬಂದದ್ದೆಲ್ಲ ಬಣ್ಣದ ಚೌಕಳಿಯ ಬಟ್ಟೆಯಾದ್ದರಿಂದ ಗುಟ್ಟು ಹೊರಬಿತ್ತು. ಬೂದು ಬಟ್ಟೆಯೇ ಬರುತ್ತಿದ್ದರೆ ಇನ್ನೊಂದು ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅವಳಿಗೂ.

"ಕ್ಲೈವ್, ಹನ್ನೊಂದೂ ಸರಿಯಾಗೇ ಇವೆ ಕಣೋ," ಅಂದಳು. "ಹಾಳಾಗಿರೋದು ಬಟ್ಟೆ ಅಲ್ಲ. ತಪ್ಪು ನಂದು."

ಬೈಯಲು ಬಂದವನು ಪಟ್ಟಿ ಎತ್ತಿಕೊಂಡು, "ಡಾಕ್ಟರ ಹತ್ರ ಹೋಗು ಬೆರಿಲ್," ಅಂದ ಅಷ್ಟೆ.

ಕಣ್ಣು ಹೋದ ರಫೂಗಾರ್ತಿಯನ್ನು ಗಿರಣಿ ಮನೆಗೆ ಕಳಿಸುವುದಿಲ್ಲ. ನೆಲಮಾಳಿಗೆಯ ಗೋದಾಮಿಗೆ ಇಳಿಸುತ್ತದೆ, ಕಟ್ಟುಗಳಿಗೆ ಚೀಟಿ ಅಂಟಿಸಲು. ಅಲ್ಲಿ ಕಿಟಕಿಯಿಲ್ಲ. ಹಾಗೆ ಇಳಿದವರು ನಾಲ್ವರನ್ನು ಬೆರಿಲ್ ಕಂಡಿದ್ದಳು. ನಾಲ್ವರೂ ಎರಡು ವರ್ಷ ದಾಟಲಿಲ್ಲ. ಸತ್ತರು ಅಂತಲ್ಲ, ಕೆಲಸ ಬಿಟ್ಟರು. ಆದರೆ ಬೆರಿಲ್ ಅವರ ಬಗ್ಗೆ ಮಾತಾಡುವುದು ಸತ್ತವರ ಬಗ್ಗೆ ಮಾತಾಡುವ ಹಾಗೇ ಇತ್ತು.

ಹಾಗಾಗಿ ಮರುದಿನವೇ ಪೇಟೆಯ ಕನ್ನಡಕದ ಅಂಗಡಿಗೆ ಹೋದಳು. ನಮ್ಮಲ್ಲಿ ಕಣ್ಣಿನ ತೊಂದರೆ ಅಂದರೆ ಮೊದಲು ಹೋಗುವುದು ಅಲ್ಲಿಗೇ. ಕಣ್ಣು ಪರೀಕ್ಷಿಸುವವನು ಗ್ಯಾರೆತ್, ನಮ್ಮ ಕಣಿವೆಯವನೇ. ಒಂದು ಕಣ್ಣು ಮುಚ್ಚಿಸಿ, ಚೌಕಗಳು ತುಂಬಿದ ಚೀಟಿಯೊಂದನ್ನು ಎದುರಿಗೆ ಹಿಡಿದ. ನಡುವೆ ಒಂದು ಚುಕ್ಕೆ. ಚುಕ್ಕೆಯನ್ನೇ ನೋಡಿ ಏನು ಕಾಣುತ್ತದೆ ಹೇಳಬೇಕು.

"ಇದನ್ನ ಯಾರು ನೇಯ್ದದ್ದು?" ಅಂದಳು ಬೆರಿಲ್. "ಬಲಗಡೆ ಎರಡು ಎಳೆ ಬಿಟ್ಟುಹೋಗಿದೆ. ಕೆಳಗೆ ಅಡ್ಡದ ಹೊಕ್ಕಿನೆಳೆ ಜೋತುಬಿದ್ದಿದೆ. ಇದು ನನ್ನ ಮೇಜಿಗೆ ಬಂದಿದ್ರೆ ವಾಪಸ್ ಕಳಿಸ್ತಿದ್ದೆ."

ಗ್ಯಾರೆತ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವು ಗಿರಣಿ ಹೆಂಗಸರು ಬಿಡಿ! ನಮ್ಮಜ್ಜೀನೂ ಹೀಗೇ ಇದ್ರು."

ಅವನದೊಬ್ಬನದೇ ತಪ್ಪು ಎನ್ನಲಾರೆ. ನಮ್ಮ ಕಣಿವೆಯಲ್ಲಿ ಹೆಣ ಎತ್ತುವಾಗಲೂ ಜನ ಇದೇ ದನಿಯಲ್ಲಿ ಮಾತಾಡುತ್ತಾರೆ. ಯಾವುದು ತಮಾಷೆ, ಯಾವುದು ನಿಜ ಅಂತ ಹುಟ್ಟಿ ಬೆಳೆದವರಿಗೇ ತಿಳಿಯುವುದಿಲ್ಲ. ಆದರೆ ಕಣ್ಣು ಪರೀಕ್ಷಿಸಲು ಕೂತವನು ತಿಳಿದುಕೊಳ್ಳಬೇಕು. "ನಿಜವಾಗಲೂ ಎರಡು ಎಳೆ ಇಲ್ಲವಾ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕಾಗದದಲ್ಲಿ 'ಚೌಕದ ಪರೀಕ್ಷೆ ಸರಿ' ಎಂದು ಗೀಚಿದ. ಅವಳಿಗೆ ಸ್ವಲ್ಪ ಪೊರೆಯೂ ಬಂದಿತ್ತು. ಅದು ಅವನಿಗೆ ಚೆನ್ನಾಗಿ ಕಂಡಿತು, ಯಾಕೆಂದರೆ ಪೊರೆಯ ಆಪರೇಷನ್ ಮಾಡುವ ಕ್ಲಿನಿಕ್ಕಿಗೂ ಆ ಅಂಗಡಿಗೂ ನಂಟಿತ್ತು.

"ಗೆರೆ ಬಾಗೋದೆಲ್ಲ ಪೊರೆಯ ಆಟ, ಚಿನ್ನಾ. ತೆಗೆಸಿಬಿಡಿ, ಹುಡುಗಿ ಥರ ಆಗ್ತೀರಿ."

ವಾರದೊಳಗೆ ಕಾಗದ ಬಂತು. ಮೇಲೆ ದಪ್ಪ ಅಕ್ಷರದಲ್ಲಿ 'ನಿಮ್ಮ ಆಯ್ಕೆ'. ಕೆಳಗೆ ಆರಿಸಿಕೊಳ್ಳಲು ಪಟ್ಟಿ. ಪಟ್ಟಿಯಲ್ಲಿ ಒಂದೇ ಹೆಸರು, ಅದೇ ಕ್ಲಿನಿಕ್ಕಿನದು. ಈ ಕಾಗದವನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಂದೇ ಹೆಸರಿನ ಪಟ್ಟಿಗೆ ಆಯ್ಕೆ ಎಂದು ಹೆಸರಿಟ್ಟವನಿಗೆ ಸಂಬಳ ಕೊಡುತ್ತಾರಲ್ಲ, ಅವನು ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಖ ನೋಡುತ್ತಾನಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆದರೂ ಬೆರಿಲ್ ಹೋದಳು. ಕರೆದೊಯ್ಯಲು ಕಾರು ಬಂತು. ಕ್ಲಿನಿಕ್ಕಿನಲ್ಲಿ ಮೆತ್ತನೆಯ ಕುರ್ಚಿ, ಪಿಂಗಾಣಿ ಕಪ್ಪಿನಲ್ಲಿ ಟೀ, ತಟ್ಟೆಯಲ್ಲಿ ಬೆಣ್ಣೆ ಬಿಸ್ಕತ್ತು. ಗೋಡೆಯ ತುಂಬ ಸಂತೋಷಪಟ್ಟವರು ಬರೆದ ಧನ್ಯವಾದದ ಕಾರ್ಡುಗಳು. ಹದಿನೈದು ನಿಮಿಷಕ್ಕೆ ಸರಿಯಾಗಿ ಒಳಗೆ ಕರೆದರು. ಆಪರೇಷನ್ ಮಾಡುವ ಡಾಕ್ಟರು ಕೈಕುಲುಕಿ, ಹೆಸರು ಹಿಡಿದು ಮಾತಾಡಿಸಿದರು.

"ಒಂಬತ್ತು ದಿನದಲ್ಲಿ ಮಾಡಿ ಮುಗಿಸ್ತೀವಿ, ಬೆರಿಲ್. ಇಪ್ಪತ್ತು ನಿಮಿಷದ ಕೆಲಸ."

"ಗೆರೆ ಬಾಗೋದು ಹೋಗುತ್ತಾ?"

"ಎಲ್ಲ ಸ್ಫಟಿಕದ ಥರ ಕಾಣುತ್ತೆ ನೋಡಿ."

"ನಾನು ಕೇಳಿದ್ದು ಅದಲ್ಲ ಡಾಕ್ಟ್ರೇ. ಕಣ್ಣಿನ ಹಿಂಭಾಗ ನೋಡಿದ್ರಾ? ನಮ್ಮ ಕೆಲಸದಲ್ಲಿ ಬಟ್ಟೆ ತಿರುಗಿಸಿ ಹಿಂದುಗಡೆ ನೋಡದೆ ಸೂಜಿ ಹಾಕಲ್ಲ."

"ಆಪರೇಷನ್ ದಿನ ಎಲ್ಲ ನೋಡ್ತೀವಿ."

ಬೆರಿಲ್ ಸ್ವಲ್ಪ ಯೋಚಿಸಿ ಇನ್ನೊಂದು ಕೇಳಿದಳು: "ನಿಮ್ಮ ಕೈಲಿ ಎಷ್ಟು ಕಣ್ಣು ಕೆಟ್ಟಿವೆ?"

ಡಾಕ್ಟರ ನಗು ಅಲ್ಲಾಡಲಿಲ್ಲ. "ನಮ್ಮಲ್ಲಿ ಬಂದವರೆಲ್ಲ ಸಂತೋಷವಾಗೇ ಹೋಗ್ತಾರೆ. ಗೋಡೆ ನೋಡಿದ್ರಲ್ಲ?"

ಬೆರಿಲ್ ಕೋಟು ಹಾಕಿಕೊಂಡಳು. ಸಹಿ ಮಾಡುವ ಕಾಗದ ಮೇಜಿನ ಮೇಲೇ ಉಳಿಯಿತು. ಕಾರಿಗೆ ಕಾಯದೆ ಮಳೆಯಲ್ಲಿ ಬಸ್ಸಿಗೆ ನಡೆದಳು.

ಪಕ್ಕದ ಮೇಜಿನ ನೋರೀನ್ ಡೈಸನ್ ಇದನ್ನು ಕೇಳಿ ಕೆಂಡವಾದಳು. ಅವಳ ಎರಡು ಕಣ್ಣಿಗೂ ಅದೇ ಕ್ಲಿನಿಕ್ಕಿನಲ್ಲಿ ಪೊರೆ ತೆಗೆದಿದ್ದರು. ಚೆನ್ನಾಗಿಯೇ ತೆಗೆದಿದ್ದರು, ಅದನ್ನೂ ಹೇಳಿಬಿಡುತ್ತೇನೆ.

"ನಿನ್ನ ತಲೆ ನೆಟ್ಟಗಿದೆಯೇನೇ?"

"ತಲೆ ನೆಟ್ಟಗಿದೆ. ಗೆರೆ ಸೊಟ್ಟಗಿದೆ."

"ಒಂಬತ್ತು ದಿನಕ್ಕೆ ಕೊಟ್ಟಿದ್ರು! ಜನ ತಿಂಗಳುಗಟ್ಟಲೆ ಕಾಯ್ತಾರೆ. ನನಗೆ ಮಾಡಿದ್ರಲ್ಲ, ನಾನು ಸೂಜಿಕಣ್ಣಿಗೆ ದಾರ ಏರಿಸ್ತಿಲ್ವಾ?"

"ನಿನಗಿದ್ದದ್ದು ಪೊರೆ, ತೆಗೆದ್ರು, ಹೋಯ್ತು. ನನಗಿರೋದು ಬೇರೆ ಏನೋ. ಅದನ್ನ ನೋಡೋದಕ್ಕೆ ಮೊದ್ಲೇ ಕತ್ತಿ ಹಿಡಿದು ನಿಂತವನಿಗೆ ಕಣ್ಣು ಕೊಡಲಾ?"

"ಡಾಕ್ಟರಿಗಿಂತ ನಿನಗೇ ಜಾಸ್ತಿ ಗೊತ್ತಾ?"

"ಡಾಕ್ಟರಿಕೆ ಗೊತ್ತಿಲ್ಲ ಕಣೇ. ಕೇಳಿದ್ದಕ್ಕೆ ಉತ್ತರ ಬಂತಾ ಇಲ್ವಾ ಅನ್ನೋದು ಗೊತ್ತಾಗುತ್ತೆ."

ನೋರೀನ್ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಾನೇ ಕೇಳಿದಳು: "ಹಂಗಾದ್ರೆ ಒಳ್ಳೆ ಡಾಕ್ಟರನ್ನ ಹೆಂಗೆ ಹುಡುಕ್ತೀಯ? ಪೇಪರಲ್ಲಿ ಬರುತ್ತಾ?"

ಈ ಪ್ರಶ್ನೆಗೆ ಓದಿದವರೆಲ್ಲ ಒಂದೇ ಉತ್ತರ ಕೊಡುತ್ತಾರೆ: ಅವರ ಹತ್ತಿರ ವಾಸಿಯಾದವರನ್ನು ಕೇಳಿ. ಇಂಟರ್ನೆಟ್ಟಿನಲ್ಲಿ ಜನ ಕೊಟ್ಟ ನಕ್ಷತ್ರಗಳನ್ನು ಎಣಿಸಿ, ಕಾರ್ಡುಗಳನ್ನು ಓದಿ. ಬೆರಿಲ್ ಹಾಗೆ ಯೋಚಿಸಲಿಲ್ಲ. ಅವಳು ಹೊಸ ರಫೂಗಾರ್ತಿಯರಿಗೆ ಕೆಲಸ ಕಲಿಸಿದವಳು. ಚೆನ್ನಾಗಿ ರಫೂ ಕೂಡಿದ ಬಟ್ಟೆಯಲ್ಲಿ ಕೆಲಸವೇ ಕಾಣುವುದಿಲ್ಲ, ಅದನ್ನು ನೋಡಿ ಯಾರ ಕೈ ಎಂಥದು ಎಂದು ಹೇಳಲಾಗದು. ಕೂಡದೇ ಹೋದ ಬಟ್ಟೆಯನ್ನು ತರಿಸಿ ನೋಡಬೇಕು. ಸೋತವಳು ಸೋಲನ್ನು ಮುಚ್ಚಿದ್ದಾಳೋ ಅಥವಾ ಸೀಮೆಸುಣ್ಣದಿಂದ ಗುರುತು ಹಾಕಿ 'ಇಲ್ಲಿ ನನ್ನ ಕೈಲಾಗಲಿಲ್ಲ' ಎಂದಿದ್ದಾಳೋ, ಅದರಲ್ಲಿ ಎಲ್ಲ ತಿಳಿಯುತ್ತದೆ.

ಪ್ರತಿ ಗುರುವಾರ ನಮ್ಮ ಚಾಪೆಲ್ಲಿನ ಹಿಂದಿನ ಹಾಲಿನಲ್ಲಿ ಕಣ್ಣು ಮಂಜಾದವರಿಗೆ ಊಟವಿರುತ್ತದೆ. ಮಾಂಸ ಆಲೂಗಡ್ಡೆಯ ಪೈ, ಬೇಯಿಸಿದ ಬಟಾಣಿ, ಕೆಂಪು ಕೋಸಿನ ಉಪ್ಪಿನಕಾಯಿ. ಬೆರಿಲ್ ಕರೆಯದೇ ಹೋಗಿ ಒಂದು ಕುರ್ಚಿ ಎಳೆದುಕೊಂಡು ಕೂತಳು.

"ಯಾರು ಚೆನ್ನಾಗಿ ನೋಡಿದ್ರು ಅಂತ ಕೇಳೋಕೆ ಬಂದಿಲ್ಲ," ಎಂದು ಶುರುಮಾಡಿದಳು. "ನನ್ನ ಕೈಲಾಗಲ್ಲ ಅಂತ ನಿಮ್ಮ ಮುಖಕ್ಕೇ ಹೇಳಿದ ಡಾಕ್ಟರು ಯಾರು?"

ಆ ಮೇಜಿನಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಲ್ಲಿಗೆ ಬರುವವರು ಸಮಾಧಾನ ಹೇಳುತ್ತಾರೆ, ಇಲ್ಲವೇ ಪೈ ಬಡಿಸುತ್ತಾರೆ.

ಹಳೆಯ ಬಸ್ ಡ್ರೈವರ್ ವಿಲ್ಫ್ ಆರ್ಮಿಟೇಜ್ ಮೊದಲು ಬಾಯಿ ಬಿಟ್ಟ. ಅವನ ಎರಡೂ ಕಣ್ಣಿನ ನಡುಭಾಗ ಹೋಗಿತ್ತು. ಮಾತಾಡುವವರ ಮುಖದ ಬದಿಗೆ ನೋಡುತ್ತ ಮಾತಾಡುತ್ತಿದ್ದ.

"ಅಡೆಯೆಮಿ ಅಂತ ಒಬ್ಳು. ದೊಡ್ಡ ಸರ್ಕಾರಿ ಆಸ್ಪತ್ರೆಲಿ. ಬಾಯಿ ಅನ್ನೋದು ಕತ್ತರಿ ಕಣಮ್ಮಾ. 'ಹೋದದ್ದು ಹೋಯ್ತು ಆರ್ಮಿಟೇಜ್ ಅವರೇ, ತಂದುಕೊಡೋಕೆ ನನ್ನ ಕೈಲಾಗಲ್ಲ. ನೀವು ಒಂದು ವರ್ಷ ತಡವಾಗಿ ಬಂದಿದೀರಿ. ತಡ ಮಾಡಿಸಿದ್ದು ಯಾರು ಅಂತ ಬರೆದಿಡ್ತೀನಿ' ಅಂದ್ಲು."

"ಬರೆದಿಟ್ಲಾ?"

"ಬರೆದು ನನಗೇ ಓದಿ ಹೇಳಿದ್ಲು. ಅವತ್ತು ಕೊಂದೇಬಿಡೋಣ ಅನ್ನಿಸಿತ್ತು. ಈಗ ಯೋಚಿಸಿದ್ರೆ, ನನಗೆ ಸುಳ್ಳು ಹೇಳದೇ ಇದ್ದವಳು ಅವಳೊಬ್ಳೇ."

ಮೇಜಿನ ಆ ತುದಿಯಿಂದ ಒಬ್ಬ ಮುದುಕಿ, "ನನಗೂ ಅವಳೇ. ಒಂಚೂರೂ ನಗಲ್ಲ, ಮೂದೇವಿ," ಅಂದಳು. ಇನ್ನೊಬ್ಬ ತಲೆಯಾಡಿಸಿದ. ಮೂವರು ಸೋತವರು ಒಂದೇ ಹೆಸರು ಹೇಳಿದ ಮೇಲೆ ಬೆರಿಲ್ ಪೈ ಮುಗಿಸಿ ಎದ್ದಳು. ಡಾಕ್ಟರು ಸಿಕ್ಕಿದ್ದರು.

ಸಿಕ್ಕರೆ ಸಾಕೇ? ನಮ್ಮ ಮನೆವೈದ್ಯರ ಚೀಟಿಯಿಲ್ಲದೆ ಆ ಬಾಗಿಲು ತೆರೆಯುವುದಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಮನೆವೈದ್ಯ ಮೆಲ್ಲರ್ ಅವರ ಕಚೇರಿಗೆ ಹೋದಳು. ಗಾಜಿನ ಹಿಂದೆ ಕೂತ ಹೆಂಗಸು ಕಂಪ್ಯೂಟರ್ ನೋಡಿದಳು.

"ನಿಮಗೆ ಆಗಲೇ ಒಂದು ಕಡೆ ಬರೆದಾಗಿದೆಯಲ್ಲ, ಚಿನ್ನಾ."

"ಅಲ್ಲಿಗೆ ಹೋಗಲ್ಲ. ಡಾಕ್ಟರ್ ಅಡೆಯೆಮಿಗೆ ಬರೀರಿ."

"ಹಾಗೆ ಹೆಸರು ಹಿಡಿದು ಕೇಳೋಕಾಗಲ್ಲ. ಸರದಿ ಮೊದಲಿಂದ ಶುರುವಾಗುತ್ತೆ. ಹದಿನಾಲ್ಕು ವಾರ."

"ಹದಿನಾಲ್ಕು ವಾರಕ್ಕೆ ಈ ಕಣ್ಣು ಇರಲ್ಲ."

"ಎಲ್ರೂ ಹಂಗೇ ಅಂತಾರೆ."

ಆ ಮಾತು ಕೇಳಿ ತನ್ನ ಬೆನ್ನುಮೂಳೆ ತಾನಾಗಿ ನೆಟ್ಟಗಾಯಿತು ಎಂದು ಬೆರಿಲ್ ನನಗೆ ಹೇಳಿದ್ದಾಳೆ. ಗಾಜಿನ ಪಕ್ಕದ ಗೋಡೆಗೆ ರೋಗಿಗಳ ಹಕ್ಕುಗಳ ಹಾಳೆಯೊಂದು ಅಂಟಿಸಿತ್ತು. ಎಷ್ಟು ವರ್ಷದಿಂದಲೋ, ಬಿಸಿಲಿಗೆ ಅಂಚು ಹಳದಿಯಾಗಿತ್ತು. ಬೆರಿಲ್ ಬಲಗಣ್ಣು ಮುಚ್ಚಿ ಅದರೆದುರು ನಿಂತಳು. ಚಾಪೆಲ್ಲಿನಲ್ಲಿ ಬೈಬಲ್ ಓದುವ ದನಿಯಲ್ಲಿ ಓದತೊಡಗಿದಳು.

"ಯಾವ ಆಸ್ಪತ್ರೆಗೆ, ಯಾವ ತಜ್ಞರ ಬಳಿಗೆ ಹೋಗಬೇಕೆಂಬುದನ್ನು ಆರಿಸಿಕೊಳ್ಳುವ ಹಕ್ಕು ನಿಮಗಿದೆ."

"ಮೇಡಂ, ಪಕ್ಕಕ್ಕೆ ಬನ್ನಿ."

"ಯಾವ ಆಸ್ಪತ್ರೆಗೆ, ಯಾವ ತಜ್ಞರ ಬಳಿಗೆ..."

"ಸಾಲು ನಿಂತುಹೋಗಿದೆ ಮೇಡಂ!"

"...ಆರಿಸಿಕೊಳ್ಳುವ ಹಕ್ಕು ನಿಮಗಿದೆ. ನಾನು ಸಾಲಲ್ಲಿಲ್ಲಮ್ಮಾ. ನಾನು ಓದ್ತಾ ಇದೀನಿ. ಕಣ್ಣಿರೋವಾಗ ಓದಿಬಿಡೋಣ ಅಂತ."

ಕಾಯುತ್ತಿದ್ದವರಲ್ಲಿ ಒಬ್ಬ, ಕಾಲಿಗೆ ಬ್ಯಾಂಡೇಜು ಸುತ್ತಿದವನು, "ಇನ್ನೊಂದ್ ಸಲ ಓದು ಬೆರಿಲ್, ಹಿಂದ್ಗಡೆ ಕೇಳಿಸ್ಲಿಲ್ಲ!" ಎಂದು ಕೂಗಿದ. ಅವಳು ಓದಿದಳು. ಏಳನೆಯ ಸಲಕ್ಕೆ ನಾಲ್ಕೈದು ಜನ ಜೊತೆಗೇ ಹೇಳುತ್ತಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿಯೊಬ್ಬಳು ಪ್ರಾರ್ಥನೆಯಂತೆ ಕೊನೆಗೆ 'ಆಮೆನ್' ಸೇರಿಸಿದಳು. ಗದ್ದಲ ಕೇಳಿ ಮೆಲ್ಲರ್ ಅವರೇ ಹೊರಗೆ ಬಂದರು.

"ಏನಿದು ಬೆರಿಲ್, ಭಜನೆ?"

"ಉಕ್ಕಿನ ಪಟ್ಟಿ ಸೊಟ್ಟಗೆ ಕಾಣ್ತಿದೆ ಡಾಕ್ಟ್ರೇ. ಬಲಗಣ್ಣಲ್ಲಿ ಮಾತ್ರ. ಇದು ತಮಾಷೆ ಅಲ್ಲ."

ಈ ಕೊನೆಯ ಮೂರು ಪದಗಳನ್ನು ಕನ್ನಡಕದ ಅಂಗಡಿಯಲ್ಲೇ ಹೇಳಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಮೆಲ್ಲರ್ ಅವರ ಮುಖ ಬದಲಾಯಿತು. ಎಷ್ಟು ದಿನದಿಂದ ಎಂದು ಕೇಳಿದರು. ಆರು ವಾರ ಎಂದಾಗ ಒಳಗೆ ಹೋಗಿ ಚೀಟಿ ಬರೆದು ತಂದರು. ಮೇಲೆ 'ತುರ್ತು' ಎಂದಿತ್ತು, ಕೆಳಗೆ ಅಡೆಯೆಮಿಯ ಹೆಸರಿತ್ತು. ಕೆಟ್ಟ ಮನುಷ್ಯರಲ್ಲ ಮೆಲ್ಲರ್. ಆದರೆ ಏಳು ಸಲ ಓದಿಸಿಕೊಂಡು ಕೊಡುವ ಹಕ್ಕನ್ನು ಹಕ್ಕು ಎನ್ನಬೇಕೋ ಭಿಕ್ಷೆ ಎನ್ನಬೇಕೋ, ನೀವೇ ಹೇಳಿ. ಗಂಟಲಿಲ್ಲದವರು ಏನು ಮಾಡಬೇಕು? ನಮ್ಮ ಭಾಷೆಯಾಡದ ದೇಶದಿಂದ ಬಂದು ನಮ್ಮ ಬೀದಿಯಲ್ಲೇ ಇರುವವರು ಏನು ಮಾಡಬೇಕು?

ಹೋಗುವ ಮುಂಚೆ ಬೆರಿಲ್ ಒಂದು ಕೆಲಸ ಮಾಡಿದಳು. ಗಿರಣಿಯಲ್ಲಿ ಬಟ್ಟೆಯ ವಿನ್ಯಾಸ ಬರೆಯಲು ಚೌಕದ ಕಾಗದವಿರುತ್ತದೆ. ಒಂದು ಚೌಕವೆಂದರೆ ಉದ್ದದ ಹಾಸಿನ ಒಂದು ಎಳೆ, ಅಡ್ಡದ ಹೊಕ್ಕಿನ ಒಂದು ಎಳೆ ಸೇರುವ ಜಾಗ. ಟೀ ಬಿಡುವಿನಲ್ಲಿ ಅಂಥ ಹಾಳೆಯೊಂದನ್ನು ಬೇಡಿ ತಂದು, ನಡುವೆ ಚುಕ್ಕೆಯಿಟ್ಟು, ಎಡಗಣ್ಣು ಮುಚ್ಚಿ ಚುಕ್ಕೆಯನ್ನೇ ದಿಟ್ಟಿಸಿದಳು. ಕಂಡದ್ದನ್ನು ಇನ್ನೊಂದು ಹಾಳೆಯ ಮೇಲೆ ಎಣಿಸಿ ಎಣಿಸಿ ಬರೆದಳು. ಎಲ್ಲಿ ಎಳೆ ಇಲ್ಲ, ಎಲ್ಲಿ ಬಾಗಿದೆ, ಎಷ್ಟನೆಯ ಹೊಕ್ಕಿನಿಂದ ಎಷ್ಟನೆಯವರೆಗೆ. ದೋಷದ ಬಟ್ಟೆಯ ಜೊತೆ ನೇಕಾರನಿಗೆ ಕಳಿಸುವ ಚೀಟಿಯನ್ನು ಹೇಗೆ ಬರೆಯುತ್ತಿದ್ದಳೋ ಹಾಗೇ.

ಆಸ್ಪತ್ರೆಗೆ ಎರಡು ಬಸ್ಸು. ಮೂರು ಗಂಟೆ ಕಾದಳು. ಕುರ್ಚಿಗೆ ಒಂದು ಕೈ ಇರಲಿಲ್ಲ, ಟೀ ಯಂತ್ರ ಕೆಟ್ಟಿತ್ತು, ಗೋಡೆಯ ಮೇಲೆ ಒಂದೂ ಕಾರ್ಡಿರಲಿಲ್ಲ. ಡಾಕ್ಟರ್ ಅಡೆಯೆಮಿ ಐವತ್ತರ ಪ್ರಾಯದ, ಎತ್ತರದ ಹೆಂಗಸು. ತಲೆಯೆತ್ತಿ ನೋಡಲಿಲ್ಲ.

"ಕೂತ್ಕೊಳ್ಳಿ. ಗದ್ದ ಇಲ್ಲಿಡಿ. ಕೈಯಲ್ಲೇನು?"

"ನನ್ನ ಬಲಗಣ್ಣು. ನಡುವಿಂದ ಬಲಕ್ಕೆ ಮೂರನೇ ಎಳೆ ಇಲ್ಲ, ನಾಲ್ಕನೆಯದೂ ಇಲ್ಲ. ಅದರ ಕೆಳಗೆ ಐದು ಹೊಕ್ಕು ಜೋತುಬಿದ್ದಿವೆ."

ಅಡೆಯೆಮಿ ನಗಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಯಂತ್ರದಲ್ಲಿ ಕಣ್ಣಿನ ಹಿಂಭಾಗದ ಚಿತ್ರ ತೆಗೆಸಿದರು. ಚಿತ್ರ ಪರದೆಯ ಮೇಲೆ ಬಂದಾಗ ಬೆರಿಲ್‌ಳ ಹಾಳೆಯನ್ನು ತಲೆಕೆಳಗು ಮಾಡಿ ಪಕ್ಕದಲ್ಲಿ ಹಿಡಿದರು.

"ಯಾಕೆ ತಿರುಗಿಸಿದ್ರಿ?"

"ಕಣ್ಣೊಳಗೆ ಚಿತ್ರ ತಲೆಕೆಳಗಾಗೇ ಬೀಳೋದು. ಇಲ್ಲಿ ನೋಡಿ, ಅಕ್ಷಿಪಟದ ಕೆಳಗೆ ರಕ್ತನಾಳ ಸೋರ್ತಾ ಇದೆ. ನೀವು ಗುರುತು ಹಾಕಿದ ಜಾಗದಲ್ಲೇ. ಇದು ಪೊರೆ ಅಲ್ಲ. ಪೊರೆ ತೆಗೆದಿದ್ರೆ ಇದು ನಿಲ್ತಿರಲಿಲ್ಲ. ಆಪರೇಷನ್ನಿಂದ ಚೇತರಿಸ್ಕೊಳ್ಳೋ ಹೊತ್ತಿಗೆ ನಡುಭಾಗ ಪೂರ್ತಿ ಹೋಗಿರೋದು."

"ಮತ್ತೆ ಬರುತ್ತಾ, ಆ ಎರಡು ಎಳೆ?"

"ಇಲ್ಲ. ಮೊದಲ ವಾರವೇ ಬಂದಿದ್ರೆ ಬಹುಶಃ ಉಳೀತಿತ್ತು. ಈಗ ಉಳಿದಿರೋದನ್ನ ಹಿಡಿದು ನಿಲ್ಲಿಸೋ ಪ್ರಯತ್ನ ಮಾಡಬಹುದು. ಕಣ್ಣಿಗೇ ಇಂಜೆಕ್ಷನ್. ತಿಂಗಳಿಗೊಂದು. ಎಷ್ಟು ತಿಂಗಳು ಅಂತ ಹೇಳಲಾರೆ."

ಬೆರಿಲ್ ಕೈ ಕಟ್ಟಿಕೊಂಡಳು. ಕ್ಲಿನಿಕ್ಕಿನಲ್ಲಿ ಕೇಳಿದ್ದನ್ನೇ ಇಲ್ಲೂ ಕೇಳಿದಳು. "ನಿಮ್ಮ ಕೈಲಿ ಎಷ್ಟು ಕಣ್ಣು ಕೆಟ್ಟಿವೆ?"

ಆಗ ಮೊದಲ ಸಲ ಅಡೆಯೆಮಿ ಅವಳ ಮುಖ ನೋಡಿದರು.

"ಇಂಜೆಕ್ಷನ್ನಿಂದ ಎರಡು. ಸೋಂಕಾಯ್ತು. ಒಬ್ಬರದು ಪೂರ್ತಿ ಹೋಯ್ತು, ಇನ್ನೊಬ್ಬರಿಗೆ ಬೆಳಕು ಕತ್ತಲೆ ಅಷ್ಟೇ ಗೊತ್ತಾಗುತ್ತೆ."

"ಹೆಸರು ನೆನಪಿದೆಯಾ?"

"ಇದೆ."

"ಹಂಗಾದ್ರೆ ಚುಚ್ಚಿ."

ಅವತ್ತೇ ಚುಚ್ಚಿದರು. ನೋಯಿತಾ ಎಂದು ನೋರೀನ್ ಕೇಳಿದ್ದಕ್ಕೆ, "ನೋವೇನಿಲ್ಲ. ಸೂಜಿ ಬರೋದು ಕಾಣುತ್ತಲ್ಲ, ಅದು ಸ್ವಲ್ಪ ಮಜವಾಗಿಲ್ಲ" ಎಂದಳು. ಅಡೆಯೆಮಿ ದಾಖಲೆಯಲ್ಲಿ ತಡವಾದದ್ದು ಯಾಕೆ, ಯಾರಿಂದ ಎಂದು ಬರೆದು ಓದಿ ಹೇಳಿದರು. ಕನ್ನಡಕದ ಅಂಗಡಿಗೂ ಒಂದು ಪ್ರತಿ ಹೋಯಿತು. ಗ್ಯಾರೆತ್ ಬೆರಿಲ್‌ಳ ಮನೆ ಬಾಗಿಲಿಗೆ ಹೂವು ಹಿಡಿದು ಬಂದ. ಹೂವು ಒಳಗಿಟ್ಟುಕೊಂಡು, ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಅವಳು ಹೇಳಿದ್ದು ಇಷ್ಟು: "ಮುಂದೆ ಯಾರಾದ್ರೂ ತಮಾಷೆ ಮಾಡಿದ್ರೆ ಮೊದಲು ನಕ್ಕುಬಿಡು, ಪರವಾಗಿಲ್ಲ. ಆಮೇಲೆ ನಿಜವಾ ಅಂತ ಕೇಳು."

ಐದು ಇಂಜೆಕ್ಷನ್ ಆದ ಮೇಲೆ ಸೋರುವುದು ನಿಂತಿತು, ಮತ್ತೆ ಶುರುವಾಗದಂತೆ ಚುಚ್ಚುವುದು ಮಾತ್ರ ಮುಂದುವರಿಯಿತು. ಎರಡು ಎಳೆ ವಾಪಸ್ ಬರಲಿಲ್ಲ, ಮತ್ತೊಂದು ಎಳೆ ಹೋಗಲೂ ಇಲ್ಲ. ಗಿರಣಿಯ ಮೇಲ್ವಿಚಾರಕ ಗೋದಾಮಿನ ಮಾತೆತ್ತಿದಾಗ ಬೆರಿಲ್ ಅವನಿಗೆ ಪಂಥ ಹಾಕಿದಳು: ಇಷ್ಟಬಂದಲ್ಲಿ ಎಳೆ ಕತ್ತರಿಸಿ ಒಂದು ಥಾನು ಕೊಡು. ಅವನು ಒಂಬತ್ತು ಕಡೆ ಕತ್ತರಿಸಿ ಕೊಟ್ಟ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡುವುದನ್ನು ಅರವತ್ತನಾಲ್ಕನೇ ವಯಸ್ಸಿಗೆ ಹೊಸದಾಗಿ ಕಲಿತಿದ್ದಳು. ಮೊದಲಿಗಿಂತ ನಿಧಾನ, ನಿಜ. ಸಂಜೆಯೊಳಗೆ ಹತ್ತು ಕಡೆ ಸೀಮೆಸುಣ್ಣದ ಗುರುತು ಹಾಕಿದ್ದಳು. ಹತ್ತನೆಯದು ಅವನು ಕತ್ತರಿಸಿದ್ದಲ್ಲ, ಮಗ್ಗದಲ್ಲೇ ತಪ್ಪಿದ್ದು. ಮೇಜು ಅವಳಿಗೇ ಉಳಿಯಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇ ತಿಂಗಳಲ್ಲಿ ಮತ್ತೊಂದು ಕಾಗದ ಬಂತು. 'ನಿಮ್ಮ ಅನುಕೂಲಕ್ಕಾಗಿ' ಎಂಬ ತಲೆಬರಹ. ಇನ್ನು ಮುಂದೆ ಇಂಜೆಕ್ಷನ್ನುಗಳನ್ನು ಪೇಟೆಯಲ್ಲಿ ಹೊಸದಾಗಿ ತೆರೆದ ಕೇಂದ್ರದಲ್ಲಿ ಕೊಡಲಾಗುವುದು, ಮನೆಯಿಂದ ಹತ್ತೇ ನಿಮಿಷ. ಬೆರಿಲ್ ಅದರ ಮೇಲೆ 'ಒಲ್ಲೆ' ಎಂದು ಬರೆದು ವಾಪಸ್ ಅಂಚೆಗೆ ಹಾಕಿದಳು. ಇನ್ನೊಂದು ಬಂತು. ಅದಕ್ಕೂ ಒಲ್ಲೆ. ಮೂರನೆಯ ಸಲ ಫೋನ್ ಬಂತು. ನಾನು ಅವಳ ಅಡುಗೆಮನೆಯಲ್ಲೇ ಕೂತಿದ್ದೆ. ಅವಳು ಫೋನನ್ನು ಜೋರುದನಿಗೆ ಹಾಕಿ ಮೇಜಿನ ಮೇಲಿಟ್ಟು ಆಲೂಗಡ್ಡೆ ಸುಲಿಯುತ್ತಲೇ ಮಾತಾಡಿದಳು.

"ಹತ್ತಿರ ಆಗುತ್ತಲ್ವಾ ಮೇಡಂ? ಈಗ ಎರಡು ಬಸ್ ಹತ್ತಿ ಹೋಗ್ತಿದೀರಿ," ಅಂದಳು ಆ ಕಡೆಯ ಹೆಂಗಸು. ಒಳ್ಳೆಯ ದನಿ, ದಣಿದ ದನಿ.

"ಅಲ್ಲಿ ಚುಚ್ಚೋರು ಯಾರು?"

"ನಮ್ಮ ತಂಡ."

"ತಂಡಕ್ಕೆ ಹೆಸರಿರುತ್ತಲ್ಲ, ಹೇಳಮ್ಮಾ."

"ಅದು ದಿನಾ ಬದಲಾಗುತ್ತೆ ಮೇಡಂ."

"ಹಂಗಾದ್ರೆ ಬೇಡ. ಕೆಟ್ಟರೆ ನನ್ನ ಹೆಸರು ನೆನಪಿಟ್ಕೊಳ್ಳೋರು ಬೇಕು ನನಗೆ."

ಆ ಕಡೆ ಕೀಲಿಗಳ ಸದ್ದು. "ಸರಿ, ರೋಗಿ ನಿರಾಕರಿಸಿದ್ದಾರೆ ಅಂತ ಹಾಕ್ಲಾ?"

ಬೆರಿಲ್‌ಳ ಚಾಕು ನಿಂತಿತು. "ನಿರಾಕರಿಸಿಲ್ಲ. ಆರಿಸಿಕೊಂಡಿದ್ದಾರೆ ಅಂತ ಹಾಕು."

"ಇಲ್ಲಿ ಆ ಖಾನೆ ಇಲ್ಲ ಮೇಡಂ. ಒಪ್ಪಿದ್ದಾರೆ, ನಿರಾಕರಿಸಿದ್ದಾರೆ, ಎರಡೇ ಇರೋದು."

"ಹಂಗಾದ್ರೆ ಅಂಚಲ್ಲಿ ಬರಿ."

"ಅಂಚಲ್ಲಿ ಬರೆಯೋಕೆ ಬರಲ್ಲ, ಕಂಪ್ಯೂಟರ್..."

"ಹೆಸರು ಹೇಳ್ತೀನಿ, ಕಾಗದದ ಮೇಲೆ ಬರ್ಕೋ. ನಾನು ಕಾಯ್ತೀನಿ. ಆಲೂಗಡ್ಡೆ ಇನ್ನೂ ಬಹಳ ಇದೆ. ಅ, ಡೆ, ಯೆ, ಮಿ."

ಆ ಕಡೆ ಡ್ರಾಯರ್ ಎಳೆದ ಸದ್ದು ಕೇಳಿಸಿತು.

"ಇನ್ನೊಂದ್ ಸಲ ಹೇಳಿ," ಅಂದಳು ಆ ಹೆಂಗಸು. "ಪೆನ್ ಸಿಕ್ತು."